ರಾತ್ರಿ ಎಷ್ಟು ಜನ ಇರ್ತಾರೆ? ಹಿರಿಯರ ಆರೈಕೆ ಕೇಂದ್ರ ನೋಡಲು ಹೋಗುವವರಿಗೆ

ಅಮ್ಮ ಬಿದ್ದು ಸೊಂಟದ ಮೂಳೆ ಮುರಿದಿದೆ, ಆಪರೇಷನ್ ಆಗಿದೆ. ಅಥವಾ ಅಪ್ಪನಿಗೆ ಸ್ಟ್ರೋಕ್ ಆಗಿ ಬಲಗೈ, ಬಲಗಾಲು ಸ್ವಾಧೀನದಲ್ಲಿಲ್ಲ. ಒಂದು ದಿನ ಡಾಕ್ಟರ್ ಬಂದು "ನಾಳೆ ಡಿಸ್ಚಾರ್ಜ್ ಮಾಡ್ತೀವಿ" ಅನ್ನುತ್ತಾರೆ. ಮನೆಯಲ್ಲಿ ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು. ಇನ್ನೊಬ್ಬ ಮಗ ಡಲ್ಲಾಸ್‌ನಲ್ಲೋ ಸಿಡ್ನಿಯಲ್ಲೋ ಇದ್ದಾನೆ. ಮನೆಗೇ ಆಯಾ ಇಟ್ಟುಕೊಂಡರೆ ಅವರು ಹದಿನೈದು ದಿನ ಬಂದು ಆಮೇಲೆ ಫೋನ್ ಎತ್ತುವುದಿಲ್ಲ. ಕೊನೆಗೆ ಎರಡು ಮೂರು ದಿನದಲ್ಲಿ ಒಂದು ಆರೈಕೆ ಕೇಂದ್ರ ಹುಡುಕಬೇಕಾಗುತ್ತದೆ. ಮನೆ ಬಾಡಿಗೆಗೆ ನೋಡುವಾಗ ಕೂಡ ನಾವು ಇಷ್ಟು ಅವಸರ ಮಾಡುವುದಿಲ್ಲ.

2011ರ ಜನಗಣತಿಯಲ್ಲೇ ದೇಶದಲ್ಲಿ 60 ದಾಟಿದವರು 10 ಕೋಟಿಗೂ ಹೆಚ್ಚು ಇದ್ದರು. ಬೆಂಗಳೂರು, ಮೈಸೂರು, ಮಂಗಳೂರಿನಂಥ ಊರುಗಳಲ್ಲಿ ಇಂಥ ಕೇಂದ್ರಗಳು ಹೆಚ್ಚುತ್ತಿರುವುದಕ್ಕೆ ಕಾರಣ ಎಲ್ಲರಿಗೂ ಗೊತ್ತಿರುವುದೇ. ಕೆಲವು ನಿಜಕ್ಕೂ ಚೆನ್ನಾಗಿವೆ. ಆದರೆ ಒಳ್ಳೆಯದು ಯಾವುದು, ಬರೀ ಥಳುಕು ಯಾವುದು ಅಂತ ಅರ್ಧ ಗಂಟೆಯ ಭೇಟಿಯಲ್ಲಿ ಗೊತ್ತಾಗುವುದು ಹೇಗೆ? ಎಲ್ಲಿ ನೋಡಬೇಕು ಅಂತ ತಿಳಿದಿದ್ದರೆ ಗೊತ್ತಾಗುತ್ತದೆ.

ಯಾವುದು ಏನು

ನಮ್ಮಲ್ಲಿ ನರ್ಸಿಂಗ್ ಹೋಮ್ ಅಂದರೆ ಬಡಾವಣೆಯ ಚಿಕ್ಕ ಖಾಸಗಿ ಆಸ್ಪತ್ರೆ. ಅಮೆರಿಕದಲ್ಲಿ ಅದೇ ಹೆಸರು ಹಿರಿಯರು, ಕಾಯಿಲೆಯವರು ದೀರ್ಘಕಾಲ ಇರುವ ಆರೈಕೆ ಮನೆಗೆ. ಈ ಲೇಖನ ಎರಡನೆಯದರ ಬಗ್ಗೆ.

ಹಿರಿಯರ ಕೇಂದ್ರಗಳಲ್ಲೂ ಸ್ಥೂಲವಾಗಿ ಮೂರು ಬಗೆ ಇದೆ. ಒಂದು, ಓಡಾಡಿಕೊಂಡಿರುವವರಿಗೆ. ಇಲ್ಲಿ ಊಟ, ವಸತಿ, ಜೊತೆಗೆ ಜನ ಇದ್ದರೆ ಸಾಕು. ಹೆಚ್ಚಿನ ವೃದ್ಧಾಶ್ರಮಗಳು ಮತ್ತು ನಿವೃತ್ತರ ಅಪಾರ್ಟ್‌ಮೆಂಟ್‌ಗಳು ಈ ಬಗೆಯವು. ಎರಡು, ಸ್ನಾನ, ಬಟ್ಟೆ, ಮಾತ್ರೆಗೆ ಒಬ್ಬರ ಸಹಾಯ ಬೇಕಾದವರಿಗೆ. ಮೂರು, ಹಾಸಿಗೆ ಹಿಡಿದವರು, ಮೂಗಿನ ನಳಿಕೆ ಅಥವಾ ಮೂತ್ರದ ನಳಿಕೆ (ಕ್ಯಾಥೆಟರ್) ಇರುವವರು, ಮರೆವಿನ ಕಾಯಿಲೆ ಜೋರಾಗಿರುವವರಿಗೆ. ಇಲ್ಲಿ 24 ಗಂಟೆಯೂ ನರ್ಸ್ ಬೇಕು.

ಮೊದಲ ತೊಂದರೆ ಶುರುವಾಗುವುದು ಇಲ್ಲೇ. ಮೂರನೇ ಬಗೆಯ ಆರೈಕೆ ಬೇಕಾದವರನ್ನು ಮೊದಲ ಬಗೆಯ ಜಾಗಕ್ಕೆ ಸೇರಿಸಿಬಿಡುತ್ತೇವೆ. ಅವರೂ "ಆಗುತ್ತೆ ಬಿಡಿ, ನೋಡ್ಕೋತೀವಿ" ಅನ್ನುತ್ತಾರೆ. ಹಾಗಾಗಿ ನೋಡಲು ಹೋಗುವ ಮೊದಲು ಒಂದು ಹಾಳೆಯಲ್ಲಿ ಬರೆದುಕೊಳ್ಳಿ: ಎದ್ದು ಕೂರಲು ಎಷ್ಟು ಜನ ಬೇಕು? ಬಾತ್‌ರೂಮಿಗೆ ನಡೆಯುತ್ತಾರಾ? ನುಂಗಲು ಕಷ್ಟ ಇದೆಯಾ? ಇನ್ಸುಲಿನ್ ಇದೆಯಾ? ರಾತ್ರಿ ಎದ್ದು ಓಡಾಡುತ್ತಾರಾ? ಇಂಥ ಸ್ಥಿತಿಯಲ್ಲಿರುವ ಎಷ್ಟು ಜನ ಈಗ ನಿಮ್ಮಲ್ಲಿದ್ದಾರೆ ಅಂತ ನೇರವಾಗಿ ಕೇಳಿ. ಒಬ್ಬರೂ ಇಲ್ಲ ಅಂದರೆ ನಿಮ್ಮ ಅಮ್ಮನೇ ಅವರ ಮೊದಲ ಪ್ರಯೋಗ.

ಗೋಡೆ ಮೇಲಿನ ಸರ್ಟಿಫಿಕೇಟುಗಳು

ರಿಸೆಪ್ಷನ್‌ನಲ್ಲಿ ಒಂದಷ್ಟು ಫ್ರೇಮ್ ಹಾಕಿದ ಪತ್ರಗಳಿರುತ್ತವೆ. ಅವು ಏನು ಹೇಳುತ್ತವೆ ಅಂತ ತಿಳಿದಿರಲಿ. ಟ್ರಸ್ಟ್ ಅಥವಾ ಸೊಸೈಟಿ ನೋಂದಣಿ ಅಂದರೆ ಹಾಗೊಂದು ಸಂಸ್ಥೆ ಇದೆ ಅಂತಷ್ಟೇ. ಟ್ರೇಡ್ ಲೈಸೆನ್ಸ್ ಅಂದರೆ ಆ ಕಟ್ಟಡದಲ್ಲಿ ವ್ಯವಹಾರ ಮಾಡಲು ಒಪ್ಪಿಗೆ ಇದೆ ಅಂತ. ಆಹಾರ ಸುರಕ್ಷತೆಯ ಲೈಸೆನ್ಸ್ ಅಡುಗೆ ಮನೆಗೆ ಸಂಬಂಧಿಸಿದ್ದು. ಇವೆಲ್ಲ ಬೇಕು, ನಿಜ. ಆದರೆ ರಾತ್ರಿ ಎರಡು ಗಂಟೆಗೆ ಒಳಗೆ ಏನಾಗುತ್ತದೆ ಅಂತ ಇವುಗಳಲ್ಲಿ ಒಂದೂ ಹೇಳುವುದಿಲ್ಲ.

ವೈದ್ಯಕೀಯ ಚಿಕಿತ್ಸೆ ಕೊಡುವ ಖಾಸಗಿ ಸಂಸ್ಥೆಗಳಿಗೆ ಕರ್ನಾಟಕದಲ್ಲಿ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ (ಕೆಪಿಎಂಇ) ಇದೆ. ಅದರ ಅಡಿ ನೋಂದಣಿ ಕಡ್ಡಾಯ. "ನಮ್ಮಲ್ಲಿ ಡಾಕ್ಟರ್ ಇದ್ದಾರೆ, ಐಸಿಯು ಥರದ ಸೌಲಭ್ಯ ಇದೆ" ಅಂತ ಹೇಳಿಕೊಳ್ಳುವ ಜಾಗದಲ್ಲಿ ಈ ನೋಂದಣಿ ಪತ್ರ ಕೇಳಲೇಬೇಕು. ಚಿಕಿತ್ಸೆ ಕೊಡುತ್ತೇವೆ ಅಂತಾರೆ, ನೋಂದಣಿ ಇಲ್ಲ ಅಂದರೆ ಅಲ್ಲೇ ಅನುಮಾನ ಪಡಿ.

ಹಿರಿಯರ ವಿಷಯಕ್ಕೇ ಅಂತ ಇರುವ ಕೇಂದ್ರ ಸರ್ಕಾರದ ಕಾಯ್ದೆಯೂ 2007ರದ್ದೇ. ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ, ಕಲ್ಯಾಣದ ಕಾಯ್ದೆ ಅದು. ಮಕ್ಕಳು ಜೀವನಾಂಶ ಕೊಡಬೇಕು ಅನ್ನುವುದು ಅದರ ಮುಖ್ಯ ಭಾಗ. ಬಡ ಹಿರಿಯರಿಗಾಗಿ ಪ್ರತಿ ಜಿಲ್ಲೆಯಲ್ಲಿ ಕನಿಷ್ಠ 150 ಜನರಿಗೆ ಸಾಕಾಗುವ ವೃದ್ಧಾಶ್ರಮದ ಬಗ್ಗೆಯೂ ಹೇಳುತ್ತದೆ. ದುಡ್ಡು ತೆಗೆದುಕೊಂಡು ನಡೆಸುವ ಖಾಸಗಿ ಆರೈಕೆ ಕೇಂದ್ರಗಳೂ ನೋಂದಣಿ ಮಾಡಿಸಬೇಕು, ಅವಕ್ಕೆ ಕನಿಷ್ಠ ಗುಣಮಟ್ಟ ಇರಬೇಕು ಅಂತ 2019ರಲ್ಲಿ ಒಂದು ತಿದ್ದುಪಡಿ ಮಸೂದೆ ಲೋಕಸಭೆಗೆ ಬಂತು. ಅದು ಪಾಸಾಗಲಿಲ್ಲ. 2024ರಲ್ಲಿ ಆ ಲೋಕಸಭೆಯ ಅವಧಿಯ ಜೊತೆಗೇ ಅದೂ ಮುಗಿಯಿತು. ಇದು ನನಗೆ ಬಹಳ ಬೇಸರದ ಸಂಗತಿ. ಹಾಗಾಗಿ ಈಗಲೂ ಪರೀಕ್ಷೆಯ ಹೆಚ್ಚಿನ ಹೊಣೆ ಮನೆಯವರ ಮೇಲೇ ಬಿದ್ದಿದೆ.

ಅಮೆರಿಕದಲ್ಲಿ ಸ್ಟಾರ್ ಕೊಡುತ್ತಾರೆ

ಅಲ್ಲಿ 1987ರಲ್ಲಿ ನರ್ಸಿಂಗ್ ಹೋಮ್‌ಗಳಿಗೆಂದೇ ದೊಡ್ಡ ಕಾನೂನು ಬಂತು. ಸಿಬ್ಬಂದಿಯ ಅನುಕೂಲಕ್ಕೆ ಅಥವಾ ಶಿಕ್ಷೆಯಾಗಿ ಯಾರನ್ನೂ ಕಟ್ಟಿಹಾಕುವಂತಿಲ್ಲ ಅನ್ನುವುದು ಅದರಲ್ಲಿತ್ತು. 2008ರಿಂದ ಸರ್ಕಾರವೇ ಪ್ರತಿ ಹೋಮ್‌ಗೆ ಒಂದರಿಂದ ಐದು ಸ್ಟಾರ್ ಕೊಡುತ್ತಿದೆ. ಕೇರ್ ಕಂಪೇರ್ ಎಂಬ ಸರ್ಕಾರಿ ವೆಬ್‌ಸೈಟ್‌ನಲ್ಲಿ ಯಾರು ಬೇಕಾದರೂ ನೋಡಬಹುದು. ತಪಾಸಣೆ ವರದಿ, ಸಿಬ್ಬಂದಿ, ಅಲ್ಲಿರುವವರ ಆರೋಗ್ಯದ ಅಳತೆಗಳು, ಈ ಮೂರನ್ನು ಸೇರಿಸಿ ಸ್ಟಾರ್ ಲೆಕ್ಕ ಹಾಕುತ್ತಾರೆ.

ಇದರಲ್ಲಿ ನಮಗೆ ಬೇಕಾದ ಪಾಠ ಒಂದಿದೆ. ಮೊದಮೊದಲು ಎಷ್ಟು ಸಿಬ್ಬಂದಿ ಇದ್ದಾರೆ ಅಂತ ಹೋಮ್‌ಗಳೇ ಬರೆದುಕೊಡುತ್ತಿದ್ದವು. 2018ರಿಂದ ಸ್ಟಾರ್‌ಗೆ ಸಂಬಳದ ದಾಖಲೆಯನ್ನೇ ಆಧಾರ ಮಾಡಿಕೊಂಡರು. ಯಾರಿಗೆ ಎಷ್ಟು ಗಂಟೆಯ ಸಂಬಳ ಹೋಗಿದೆಯೋ ಅಷ್ಟೇ ಲೆಕ್ಕ. ಬಾಯಿಮಾತಿಗಿಂತ ಹಾಜರಿ ಪುಸ್ತಕ ಮೇಲು ಅಂತ ಅವರಿಗೂ ಅರ್ಥವಾಯಿತು. ನಾವೂ ಮ್ಯಾನೇಜರ್ ಮಾತು ಕೇಳಿದ ಮೇಲೆ ಹಾಜರಿ ಪುಸ್ತಕ ಕೇಳಬೇಕು.

ಕೈಗಳ ಲೆಕ್ಕ

ಆರೈಕೆ ಅಂದರೆ ಕೊನೆಗೆ ಎಷ್ಟು ಕೈಗಳು, ಎಷ್ಟು ಹೊತ್ತು ಅನ್ನುವುದು. ಹಾಗಾಗಿ ಕೇಳಬೇಕಾದ ಮೊದಲ ಪ್ರಶ್ನೆ: ರಾತ್ರಿ ಎಷ್ಟು ಜನ ಡ್ಯೂಟಿಯಲ್ಲಿ ಇರುತ್ತಾರೆ? ಅದರಲ್ಲಿ ನರ್ಸ್ ಎಷ್ಟು, ಅಟೆಂಡರ್ ಎಷ್ಟು? ಅವರು ಎಚ್ಚರ ಇರುತ್ತಾರಾ, ಅಥವಾ ಮಲಗಿದ್ದು ಕರೆದರೆ ಬರುತ್ತಾರಾ?

ಒಂದು ಲೆಕ್ಕ ಹಾಕೋಣ. ಒಂದು ಮಹಡಿಯಲ್ಲಿ ಹಾಸಿಗೆ ಹಿಡಿದವರು 10 ಜನ ಇದ್ದಾರೆ ಅಂದುಕೊಳ್ಳಿ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು ಅನ್ನುವುದು ರೂಢಿಯ ನಿಯಮ. ರಾತ್ರಿ 10, 12, 2, 4. ನಾಲ್ಕು ಸಲ, ಹತ್ತು ಜನ, ಒಟ್ಟು 40 ಸಲ. ಮಗ್ಗುಲು ಬದಲಿಸಿ, ಡೈಪರ್ ಒದ್ದೆಯಾಗಿದೆಯಾ ನೋಡಿ, ದಿಂಬು ಸರಿ ಮಾಡಲು ಹತ್ತು ನಿಮಿಷ ಬೇಡವೇ? ಅಲ್ಲಿಗೆ 400 ನಿಮಿಷ, ಅಂದರೆ 6 ಗಂಟೆ 40 ನಿಮಿಷ ಆಯಿತು. ಇದು ಒಬ್ಬರೇ ಮಾಡಿದರೆ. ದೊಡ್ಡವರನ್ನು ಸರಿಯಾಗಿ ಮಗ್ಗುಲು ಮಾಡಲು ಇಬ್ಬರು ಬೇಕು. ಒಬ್ಬರೇ ಎಳೆದರೆ ಚರ್ಮ ಹಾಸಿಗೆಗೆ ಉಜ್ಜಿ ಕಿತ್ತುಬರುತ್ತದೆ. ಇಷ್ಟರ ಮಧ್ಯೆ ಯಾರೋ ವಾಂತಿ ಮಾಡಿಕೊಳ್ಳುತ್ತಾರೆ, ಯಾರೋ ಬೆಲ್ ಒತ್ತುತ್ತಾರೆ. ರಾತ್ರಿಗೆ ಒಬ್ಬರೇ ಅಟೆಂಡರ್ ಅಂತ ಹೇಳಿದರೆ, ಆಕೆ ಎಷ್ಟೇ ಒಳ್ಳೆಯವಳಾಗಿರಲಿ, ಈ ಕೆಲಸ ಆಗುವುದಿಲ್ಲ.

ನರ್ಸ್ ಅಂದಾಗಲೂ ಬಿಡಿಸಿ ಕೇಳಿ. ಬಿಎಸ್ಸಿ ನರ್ಸಿಂಗ್ ಅಥವಾ ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಓದಿ ರಾಜ್ಯದ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ ಆದವರು ನರ್ಸ್. ಬಿಳಿ ಬಟ್ಟೆ ಹಾಕಿದವರೆಲ್ಲ ನರ್ಸ್ ಅಲ್ಲ. ಏಜೆನ್ಸಿಯಿಂದ ಬಂದ ಅಟೆಂಡರ್‌ಗಳು ಒಳ್ಳೆಯ ಕೆಲಸ ಮಾಡುತ್ತಾರೆ, ಆದರೆ ಇಂಜೆಕ್ಷನ್ ಕೊಡುವುದು, ನಳಿಕೆ ಬದಲಿಸುವುದು ಅವರ ಕೆಲಸ ಅಲ್ಲ.

ಇನ್ನೊಂದು ಸಂಗತಿ ಭಾಷೆ. ಬೆಂಗಳೂರಿನ ಕೇಂದ್ರಗಳಲ್ಲಿ ಬೇರೆ ರಾಜ್ಯಗಳಿಂದ ಬಂದ ಹುಡುಗ ಹುಡುಗಿಯರು ತುಂಬ ಜನ. ಅದರಲ್ಲಿ ತಪ್ಪೇನಿಲ್ಲ. ಆದರೆ ಮರೆವಿನ ಕಾಯಿಲೆ ಹೆಚ್ಚಾದಂತೆ ಆಮೇಲೆ ಕಲಿತ ಭಾಷೆಗಳು ಮೊದಲು ಜಾರಿಹೋಗುವುದು ಉಂಟು. ಬ್ಯಾಂಕಿನಲ್ಲಿ ಮೂವತ್ತು ವರ್ಷ ಇಂಗ್ಲಿಷ್, ಹಿಂದಿಯಲ್ಲಿ ವ್ಯವಹರಿಸಿದ ಅಪ್ಪ ಈಗ ಕನ್ನಡ ಮಾತ್ರ ಆಡಬಹುದು. ಅವರು "ಒಂದಕ್ಕೆ ಹೋಗ್ಬೇಕು" ಅಂದದ್ದು ಪಕ್ಕದಲ್ಲಿರುವವರಿಗೆ ಅರ್ಥವಾಗದಿದ್ದರೆ ಏನಾಗುತ್ತದೆ? ಹಾಸಿಗೆಯಲ್ಲೇ ಆಗುತ್ತದೆ. ಮಾರನೇ ದಿನದಿಂದ ಡೈಪರ್ ಹಾಕುತ್ತಾರೆ. ಆಮೇಲೆ ಅವರು ನಡೆಯುವುದೂ ನಿಲ್ಲುತ್ತದೆ. ಪ್ರತಿ ಪಾಳಿಯಲ್ಲಿ ಕನ್ನಡ ಬರುವವರು ಒಬ್ಬರಾದರೂ ಇದ್ದಾರಾ ಅಂತ ಕೇಳಿ. ತುಳುವೋ ಕೊಂಕಣಿಯೋ ಮನೆಮಾತಾಗಿದ್ದರೆ ಅವರ ಮುಖ್ಯವಾದ ಹತ್ತಿಪ್ಪತ್ತು ಮಾತುಗಳನ್ನು ಬರೆದು ಹಾಸಿಗೆ ಹತ್ತಿರ ಅಂಟಿಸಿ.

ಬೆಡ್ ಸೋರ್: ಎಲ್ಲವನ್ನೂ ಹೇಳುವ ಗುರುತು

ಒಂದು ಕೇಂದ್ರದ ಗುಣಮಟ್ಟ ಅಳೆಯಲು ಒಂದೇ ಒಂದು ಅಳತೆ ಇಟ್ಟುಕೊಳ್ಳಿ ಅಂದರೆ ನಾನು ಬೆಡ್ ಸೋರ್ ಅನ್ನೇ, ಅಂದರೆ ಮಲಗಿದಲ್ಲೇ ಮಲಗಿ ಆಗುವ ಗಾಯವನ್ನೇ ಹೇಳುತ್ತೇನೆ. ಯಾಕೆ?

ಒಂದೇ ಭಂಗಿಯಲ್ಲಿ ಮಲಗಿದಾಗ ಮೂಳೆ ಮತ್ತು ಹಾಸಿಗೆಯ ಮಧ್ಯೆ ಚರ್ಮ, ಮಾಂಸ ಸಿಕ್ಕಿಹಾಕಿಕೊಳ್ಳುತ್ತದೆ. ಅಲ್ಲಿಗೆ ರಕ್ತ ಹೋಗುವುದಿಲ್ಲ. ನಮಗಾದರೆ ನೋವಾಗಿ ನಿದ್ದೆಯಲ್ಲೇ ಹೊರಳುತ್ತೇವೆ. ಸ್ಟ್ರೋಕ್ ಆದವರಿಗೆ ಹೊರಳಲು ಆಗುವುದಿಲ್ಲ, ಕೆಲವರಿಗೆ ನೋವೇ ಗೊತ್ತಾಗುವುದಿಲ್ಲ. ಬೆನ್ನಿನ ಕೆಳಗೆ ಬಾಲಮೂಳೆ ಹತ್ತಿರ, ಸೊಂಟದ ಎರಡು ಬದಿ, ಹಿಮ್ಮಡಿ, ಮೊಣಕೈ, ತಲೆಯ ಹಿಂಭಾಗ, ಇವೇ ಮುಖ್ಯ ಜಾಗಗಳು. ಕೆಲವು ಗಾಯಗಳು ಒಳಗೆ ಮೂಳೆಯ ಹತ್ತಿರವೇ ಶುರುವಾಗುತ್ತವೆ. ಗೊರಟೆಯ ಸುತ್ತ ಕೊಳೆತ ಮಾವಿನ ಹಣ್ಣಿನ ಥರ, ಸಿಪ್ಪೆ ನೋಡಿದರೆ ಚೆನ್ನಾಗಿಯೇ ಇರುತ್ತದೆ. ಸಿಪ್ಪೆ ಒಡೆಯುವ ಹೊತ್ತಿಗೆ ಒಳಗೆ ದೊಡ್ಡ ಗುಂಡಿಯಾಗಿರುತ್ತದೆ.

ಡಾಕ್ಟರುಗಳು ಇದನ್ನು ನಾಲ್ಕು ಹಂತ ಅಂತ ಗುರುತಿಸುತ್ತಾರೆ. ಮೊದಲ ಹಂತದಲ್ಲಿ ಚರ್ಮ ಒಡೆದಿರುವುದಿಲ್ಲ, ಕೆಂಪಾಗಿರುತ್ತದೆ, ಬೆರಳಲ್ಲಿ ಒತ್ತಿ ಬಿಟ್ಟರೂ ಆ ಕೆಂಪು ಬಿಳಿಚುವುದಿಲ್ಲ. ನಮ್ಮ ಕಂದು ಚರ್ಮದಲ್ಲಿ ಕೆಂಪು ಸರಿಯಾಗಿ ಕಾಣುವುದೇ ಇಲ್ಲ. ಸುತ್ತಲಿನ ಜಾಗಕ್ಕಿಂತ ಬಿಸಿ ಇದೆಯಾ, ಗಟ್ಟಿಯಾಗಿದೆಯಾ, ಬಣ್ಣ ಕಪ್ಪಾಗಿದೆಯಾ ಅಂತ ಮುಟ್ಟಿ ನೋಡಬೇಕು. ಎರಡನೇ ಹಂತದಲ್ಲಿ ಗುಳ್ಳೆ ಅಥವಾ ಮೇಲ್ಪದರ ಕಿತ್ತ ಗಾಯ. ಮೂರನೆಯದರಲ್ಲಿ ಕೊಬ್ಬಿನ ಪದರದವರೆಗೆ, ನಾಲ್ಕನೆಯದರಲ್ಲಿ ಸ್ನಾಯು, ಮೂಳೆಯವರೆಗೆ. ಮೊದಲ ಹಂತದಲ್ಲೇ ಹಿಡಿದರೆ ಭಾರ ತಪ್ಪಿಸಿ ಸರಿಮಾಡಬಹುದು. ನಾಲ್ಕನೆಯದು ತಿಂಗಳುಗಟ್ಟಲೆ ಕಾಡುತ್ತದೆ, ಸೋಂಕು ರಕ್ತಕ್ಕೆ ಹೋದರೆ ಜೀವಕ್ಕೇ ಅಪಾಯ.

ಬೆಡ್ ಸೋರ್ ಆಗದಂತೆ ತಡೆಯಲು ಒಂದಲ್ಲ, ಹಲವು ಕೆಲಸ ಒಟ್ಟಿಗೆ ನಡೆಯಬೇಕು: ಮಗ್ಗುಲು ಬದಲಿಸುವುದು, ಡೈಪರ್ ಬದಲಿಸುವುದು, ಹೊಟ್ಟೆಗೆ ಸಾಕಷ್ಟು ಪ್ರೋಟೀನ್, ನೀರು, ಸುಕ್ಕಿಲ್ಲದ ಬೆಡ್‌ಶೀಟ್, ದಿನಾ ಚರ್ಮ ನೋಡುವ ಕಣ್ಣು. ಇದರಲ್ಲಿ ಒಂದು ತಪ್ಪಿದರೂ ಗಾಯ ಹೇಳಿಬಿಡುತ್ತದೆ. ಅದಕ್ಕೇ ಇದು ಅಷ್ಟು ನಂಬುವಂಥ ಗುರುತು. ಏರ್ ಬೆಡ್ ಹಾಕಿದ್ದೇವೆ ಅಂದರೆ ಸಾಲದು. ಅದಕ್ಕೆ ಕರೆಂಟ್ ಇದೆಯಾ, ಗಾಳಿ ತುಂಬಿದೆಯಾ ನೋಡಿ. ಒಳ್ಳೆಯ ಏರ್ ಬೆಡ್ ಇದ್ದರೆ ಮಗ್ಗುಲು ಬದಲಿಸುವ ಅಂತರವನ್ನು ಡಾಕ್ಟರ್ ಸ್ವಲ್ಪ ಹೆಚ್ಚಿಸಬಹುದು, ಬದಲಿಸುವುದೇ ಬೇಡ ಅಂತಲ್ಲ.

ಆಸ್ಪತ್ರೆಯಿಂದಲೇ ಗಾಯ ತಂದವರೂ ಇರುತ್ತಾರೆ. ಹಾಗಾಗಿ "ನಿಮ್ಮಲ್ಲಿ ಎಷ್ಟು ಜನಕ್ಕೆ ಇದೆ?" ಅನ್ನುವುದರ ಜೊತೆಗೆ "ಇಲ್ಲಿಗೆ ಬಂದ ಮೇಲೆ ಎಷ್ಟು ಜನಕ್ಕೆ ಆಯಿತು?" ಅಂತಲೂ ಕೇಳಿ. ಒಳ್ಳೆಯ ಕೇಂದ್ರದ ನರ್ಸ್ ಈ ಪ್ರಶ್ನೆಗೆ ತಡವರಿಸುವುದಿಲ್ಲ, ಲೆಕ್ಕ ಹೇಳುತ್ತಾಳೆ. "ನಮ್ಮಲ್ಲಿ ಅಂಥದ್ದೆಲ್ಲ ಇಲ್ಲವೇ ಇಲ್ಲ ಸಾರ್" ಅನ್ನುವ ಉತ್ತರಕ್ಕಿಂತ "ಇಬ್ಬರಿಗೆ ಆಗಿತ್ತು, ಒಬ್ಬರದು ವಾಸಿಯಾಗಿದೆ" ಅನ್ನುವ ಉತ್ತರವನ್ನು ನಾನು ಹೆಚ್ಚು ನಂಬುತ್ತೇನೆ.

ಆಮೇಲೆ ಮಗ್ಗುಲು ಬದಲಿಸುವ ಚಾರ್ಟ್ ನೋಡಿ. ಗಂಟೆಗಂಟೆಯ ಕಾಲಂನಲ್ಲಿ ಸಹಿ ಇರುತ್ತದೆ. ರಾತ್ರಿ ಪಾಳಿಯ ನಾಲ್ಕೂ ಸಹಿ ಒಂದೇ ಉಸಿರಿನಲ್ಲಿ ಹಾಕಿದ ಹಾಗಿದೆಯಾ? ನೀವು ಹೋಗಿದ್ದು ಬೆಳಗ್ಗೆ 11ಕ್ಕೆ, ಮಧ್ಯಾಹ್ನ 2ರ ಕಾಲಂ ಕೂಡ ಆಗಲೇ ತುಂಬಿದೆಯಾ? ಇಷ್ಟು ಕಂಡರೆ ಉಳಿದ ದಾಖಲೆಗಳನ್ನೂ ನಂಬಬೇಡಿ.

ಮಾತ್ರೆ ಯಾರ ಕೈಯಲ್ಲಿ

ಹಿರಿಯರು ಒಟ್ಟಿಗೆ ಎಂಟು ಹತ್ತು ಮಾತ್ರೆ ತೆಗೆದುಕೊಳ್ಳುವುದು ಸಾಮಾನ್ಯ. ಪ್ರತಿಯೊಬ್ಬರ ಮಾತ್ರೆಯೂ ಹೆಸರು ಬರೆದ ಬೇರೆ ಡಬ್ಬಿಯಲ್ಲಿದೆಯಾ, ಕೊಟ್ಟ ತಕ್ಷಣ ಸಹಿ ಹಾಕುತ್ತಾರಾ ಅಂತ ನೋಡಿ. ಇನ್ಸುಲಿನ್ ವಿಷಯದಲ್ಲಂತೂ ಜಾಸ್ತಿ ಎಚ್ಚರ ಬೇಕು. ಇನ್ಸುಲಿನ್ ಹಾಕಿ ಊಟ ತಡವಾದರೆ ಶುಗರ್ ಕುಸಿದು ಪ್ರಜ್ಞೆ ತಪ್ಪಬಹುದು. ಯಾರು ಹಾಕುತ್ತಾರೆ, ಹಾಕಿದ ಎಷ್ಟು ಹೊತ್ತಿಗೆ ಊಟ ಬರುತ್ತದೆ ಅಂತ ಕೇಳಿ.

ನಿದ್ದೆ ಮಾತ್ರೆ ಮತ್ತು ಮನಸ್ಸನ್ನು ಮಂಕು ಮಾಡುವ ಮಾತ್ರೆಗಳ ಬಗ್ಗೆ ಬೇರೆಯಾಗಿಯೇ ವಿಚಾರಿಸಿ. ಮರೆವಿನ ಕಾಯಿಲೆಯವರು ಕೂಗಾಡಿದಾಗ, ಓಡಾಡಿದಾಗ ಕೆಲವು ಕಡೆ ಆಂಟಿಸೈಕೋಟಿಕ್ ಮಾತ್ರೆ ಕೊಟ್ಟು ಮಲಗಿಸುತ್ತಾರೆ. ಮರೆವಿನ ಕಾಯಿಲೆಯ ಹಿರಿಯರಲ್ಲಿ ಇವು ಸಾವಿನ ಅಪಾಯ ಹೆಚ್ಚಿಸುತ್ತವೆ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2005ರಲ್ಲೇ ಎಚ್ಚರಿಕೆ ಕೊಟ್ಟಿದೆ. ಕೆಲವರಿಗೆ ಬೇಕಾಗುತ್ತದೆ, ನಿಜ. ಆದರೆ ಅದನ್ನು ಡಾಕ್ಟರ್ ಬರೆದಿರಬೇಕು, ಮನೆಯವರಿಗೆ ತಿಳಿಸಿರಬೇಕು. ಕೂಗಾಟಕ್ಕೆ ಮಲಬದ್ಧತೆ, ಮೂತ್ರದ ಸೋಂಕು, ನೋವು ಕಾರಣ ಆಗಿರಬಹುದಾ ಅಂತ ಮೊದಲು ನೋಡಿರಬೇಕು. ಮಧ್ಯಾಹ್ನ ಹನ್ನೊಂದು ಹನ್ನೆರಡಕ್ಕೆ ಹಾಲ್‌ನಲ್ಲಿ ಅರ್ಧಕ್ಕರ್ಧ ಜನ ಬಾಯಿ ತೆರೆದು ತೂಕಡಿಸುತ್ತಿದ್ದರೆ ಸುಮ್ನೆ ಬಿಡಬೇಡಿ, ಕಾರಣ ಕೇಳಿ. ಕೈಕಾಲನ್ನು ಬಟ್ಟೆಯಿಂದ ಮಂಚಕ್ಕೆ ಕಟ್ಟಿದ್ದು ಕಂಡರೂ ಅಷ್ಟೇ.

ಊಟ, ತೂಕ

ಊಟದ ಹೊತ್ತಿಗೇ ಹೋಗಿ. ಮೆನು ಬೋರ್ಡ್‌ಗಿಂತ ಉಣ್ಣಿಸುವ ಕೈ ನೋಡಿ. ಕೂರಿಸಿ ಉಣ್ಣಿಸುತ್ತಾರಾ, ಮಲಗಿದಲ್ಲೇ ಬಾಯಿಗೆ ಹಾಕುತ್ತಾರಾ? ಸ್ಟ್ರೋಕ್ ಆದವರಿಗೆ ತೆಳ್ಳಗಿನ ನೀರು, ಸಾರು ಶ್ವಾಸನಾಳಕ್ಕೆ ಜಾರಿ ನ್ಯುಮೋನಿಯಾ ಆಗಬಹುದು. ಅಂಥವರಿಗೆ ಎಷ್ಟು ಗಟ್ಟಿಯಾದ ಆಹಾರ ಅಂತ ಅಡುಗೆಯವರಿಗೂ ಗೊತ್ತಿರಬೇಕು. ಉಂಡ ಮೇಲೆ ಅರ್ಧ ಗಂಟೆಯಾದರೂ ಕೂರಿಸಿರಬೇಕು.

ರಾತ್ರಿ ಊಟ ಎಷ್ಟಕ್ಕೆ, ಬೆಳಗಿನ ತಿಂಡಿ ಎಷ್ಟಕ್ಕೆ? ಸಿಬ್ಬಂದಿ ಪಾಳಿ ಮುಗಿಸಲು ಸಂಜೆ ಆರಕ್ಕೇ ಊಟ ಮುಗಿಸುವ ಕೇಂದ್ರಗಳಿವೆ. ತಿಂಡಿ ಎಂಟೂವರೆಗೆ ಅಂದರೆ ಹದಿನಾಲ್ಕೂವರೆ ಗಂಟೆ ಖಾಲಿ ಹೊಟ್ಟೆ. ಮಧ್ಯೆ ಪೌಷ್ಟಿಕವಾದದ್ದು ಏನೂ ಕೊಡದಿದ್ದರೆ 14 ಗಂಟೆ ಮೀರುವಂತಿಲ್ಲ ಅಂತ ಅಮೆರಿಕದ ನಿಯಮ ಇದೆ. ಸಕ್ಕರೆ ಕಾಯಿಲೆಯವರಿಗೆ ಇದು ಇನ್ನೂ ಮುಖ್ಯ.

ಪ್ರತಿ ತಿಂಗಳ ತೂಕದ ದಾಖಲೆ ಕೇಳಿ. ತಿಂಗಳಲ್ಲಿ ನೂರಕ್ಕೆ ಐದರಷ್ಟು, ಅಂದರೆ 60 ಕೆಜಿ ಇದ್ದವರು 57ಕ್ಕೆ ಇಳಿದರೆ ಡಾಕ್ಟರ್ ನೋಡಲೇಬೇಕು.

ಬೀಳುವುದು, ಬೆಂಕಿ, ಆಂಬುಲೆನ್ಸ್

ಬಾತ್‌ರೂಮಿಗೆ ನೀವೇ ಹೋಗಿ ನೋಡಿ. ನೆಲ ಒದ್ದೆಯಾದಾಗ ಜಾರುತ್ತದಾ? ಕಮೋಡ್ ಪಕ್ಕ ಹಿಡಿಕೆ ಇದೆಯಾ, ಅಲುಗಾಡುತ್ತದಾ? ಗಾಲಿಕುರ್ಚಿ ಬಾಗಿಲಲ್ಲಿ ಹೋಗುತ್ತದಾ? ಹಾಸಿಗೆಯಿಂದ ಬಾತ್‌ರೂಮಿನವರೆಗೆ ರಾತ್ರಿ ದೀಪ ಇರುತ್ತದಾ? ಬೆಲ್ ಒತ್ತಿ, ಯಾರಾದರೂ ಬರಲು ಎಷ್ಟು ನಿಮಿಷ ಆಗುತ್ತದೆ ಅಂತ ಗಡಿಯಾರ ನೋಡಿ.

2011ರ ಡಿಸೆಂಬರ್‌ನಲ್ಲಿ ಕೋಲ್ಕತ್ತಾದ ಖಾಸಗಿ ಆಸ್ಪತ್ರೆಯೊಂದರ ನೆಲಮಾಳಿಗೆಯಲ್ಲಿ ಹತ್ತಿದ ಬೆಂಕಿಯ ಹೊಗೆ ಮೇಲಕ್ಕೇರಿ ಸುಮಾರು 90 ಜನ ಸತ್ತರು. ಹೆಚ್ಚಿನವರು ಸತ್ತಿದ್ದು ಉಸಿರುಕಟ್ಟಿ. 2023ರ ಜನವರಿ 1ರಂದು ದೆಹಲಿಯ ಗ್ರೇಟರ್ ಕೈಲಾಶ್‌ನಲ್ಲಿ ಹಿರಿಯರ ಆರೈಕೆ ಕೇಂದ್ರವೊಂದಕ್ಕೆ ಬೆಂಕಿ ಬಿದ್ದು ಇಬ್ಬರು ವೃದ್ಧೆಯರು ತೀರಿಕೊಂಡರು. ಎರಡೂ ಆಗಿದ್ದು ನಸುಕಿನಲ್ಲಿ, ಜನ ಕಡಿಮೆ ಇರುವ ಹೊತ್ತಿನಲ್ಲಿ. ಎದ್ದು ಓಡಲಾಗದವರನ್ನು ಮೂರನೇ ಮಹಡಿಯಲ್ಲಿ ಇಟ್ಟಿದ್ದಾರೆ, ರಾತ್ರಿ ಲಿಫ್ಟ್ ಪಕ್ಕದ ಗ್ರಿಲ್‌ಗೆ ಬೀಗ, ಬೀಗದ ಕೈ ಕೆಳಗೆ ಸೆಕ್ಯೂರಿಟಿಯವರ ಹತ್ತಿರ ಅಂದರೆ ಬೇರೆ ಕಡೆ ನೋಡಿ. ಎರಡನೇ ಮೆಟ್ಟಿಲು ದಾರಿ ಇದೆಯಾ, ಅದರಲ್ಲಿ ಹಳೇ ಹಾಸಿಗೆ ಪೇರಿಸಿದ್ದಾರಾ, ಆಕ್ಸಿಜನ್ ಸಿಲಿಂಡರ್ ಎಲ್ಲಿದೆ, ಇದಿಷ್ಟನ್ನೂ ಹತ್ತು ನಿಮಿಷದಲ್ಲಿ ನೋಡಬಹುದು.

ಸ್ಟ್ರೋಕ್ ಆದರೆ ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಸಾಮಾನ್ಯವಾಗಿ ಇರುವುದು ನಾಲ್ಕೂವರೆ ಗಂಟೆ. ಕಳೆದ ಸಲ ರಾತ್ರಿ ಎಮರ್ಜೆನ್ಸಿ ಆದಾಗ ಏನು ಮಾಡಿದಿರಿ ಅಂತ ಕೇಳಿ. ಯಾವ ಆಸ್ಪತ್ರೆಗೆ, ಯಾವ ಆಂಬುಲೆನ್ಸ್‌ನಲ್ಲಿ, ಜೊತೆಗೆ ಯಾರು ಹೋದರು ಅಂತ ಸಲೀಸಾಗಿ ಹೇಳಿದರೆ ಅವರಿಗೆ ಅಭ್ಯಾಸ ಇದೆ ಅಂತ ಅರ್ಥ.

ಸಹಿ ಹಾಕುವ ಮೊದಲು

ಕರಾರು ಪತ್ರ ಮನೆಗೆ ತಂದು ಓದಿ. ತಿಂಗಳ ಶುಲ್ಕದಲ್ಲಿ ಏನೇನು ಸೇರಿದೆ? ಡೈಪರ್, ಗ್ಲೌಸ್, ಡಾಕ್ಟರ್ ಭೇಟಿ, ಫಿಸಿಯೋಥೆರಪಿ ಬೇರೆಯಾ? ಡೆಪಾಸಿಟ್ ಎಷ್ಟು ದಿನದಲ್ಲಿ ವಾಪಸ್? ಹತ್ತು ದಿನ ಆಸ್ಪತ್ರೆಯಲ್ಲಿದ್ದರೆ ಆ ದಿನಗಳ ಶುಲ್ಕ ಏನು? ಕಾಯಿಲೆ ಹೆಚ್ಚಾದರೆ ಹೊರಗೆ ಕಳಿಸುತ್ತಾರಾ, ಎಷ್ಟು ದಿನದ ನೋಟಿಸ್ ಕೊಟ್ಟು? "ಯಾವುದೇ ಅವಘಡಕ್ಕೆ ಸಂಸ್ಥೆ ಹೊಣೆಯಲ್ಲ" ಅನ್ನುವ ಸಾಲು ಇದ್ದರೆ ತೆಗೆಸಲು ಕೇಳಿ. ಕೊಟ್ಟ ಹಣಕ್ಕೆ ಎಲ್ಲಕ್ಕೂ ರಸೀದಿ ಇಟ್ಟುಕೊಳ್ಳಿ. ದುಡ್ಡು ಕೊಟ್ಟು ಪಡೆದ ಸೇವೆಯಲ್ಲಿ ಲೋಪವಾದರೆ 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು. ಆಗ ಈ ಕಾಗದಗಳೇ ಸಾಕ್ಷಿ.

ಸೇರಿಸಿದ ಮೇಲೆ

ಮೊದಲ ಭೇಟಿಯಲ್ಲಿ ಎಲ್ಲ ಗೊತ್ತಾಗುವುದಿಲ್ಲ. ಸಾಧ್ಯವಾದರೆ ಒಂದೆರಡು ವಾರ ತಾತ್ಕಾಲಿಕವಾಗಿ ಬಿಟ್ಟು ನೋಡಿ. ಆಮೇಲೆ ಹೇಳದೆ ಹೋಗಿ, ಭಾನುವಾರ ಸಂಜೆ, ಹಬ್ಬದ ದಿನ, ರಾತ್ರಿ ಎಂಟಕ್ಕೆ. ಸಿಬ್ಬಂದಿ ಕಡಿಮೆ ಆಗುವುದು ಆಗಲೇ. ಹೇಳದೆ ಬರಬಾರದು ಅನ್ನುವ ಕೇಂದ್ರ ಬೇಡವೇ ಬೇಡ.

ಹೋದಾಗ ಹಣ್ಣಿನ ಚೀಲ ಕೊಟ್ಟು, ಮಾತಾಡಿಸಿ ಬಂದರೆ ಸಾಲದು. ಹೊದಿಕೆ ಸರಿಸಿ ಹಿಮ್ಮಡಿ ನೋಡಿ. ಬೆನ್ನು ನೋಡಲು ನರ್ಸ್‌ಗೆ ಹೇಳಿ. ಉಗುರು ಕತ್ತರಿಸಿದ್ದಾರಾ, ನಾಲಿಗೆ ಒಣಗಿದೆಯಾ, ಕನ್ನಡಕ ಮತ್ತು ಕಿವಿಯ ಮಿಷನ್ ಹಾಕಿದ್ದಾರಾ, ಹಲ್ಲಿನ ಸೆಟ್ ತೊಳೆದಿದ್ದಾರಾ? ಅಮ್ಮನ ಸೀರೆಯೋ ನೈಟಿಯೋ ಅವರದ್ದೇನಾ? ತೋಳಿನ ಮೇಲೆ ಬೆರಳ ಗುರುತಿನಂಥ ಕಂದು ಕಲೆ ಇದ್ದರೆ ದಿನಾಂಕ ಹಾಕಿ ಫೋಟೋ ತೆಗೆದುಕೊಳ್ಳಿ. ಯಾರಾದರೂ ಹತ್ತಿರ ಬಂದಾಗ ಅವರು ಮಾತು ನಿಲ್ಲಿಸುತ್ತಾರಾ, ಮುದುರಿಕೊಳ್ಳುತ್ತಾರಾ ಅಂತ ಗಮನಿಸಿ. ಪಕ್ಕದ ಹಾಸಿಗೆಯವರನ್ನೂ ಮಾತಾಡಿಸಿ. ನೋಡಲು ಯಾರೂ ಬರದವರನ್ನು ಹೇಗೆ ಇಟ್ಟುಕೊಂಡಿದ್ದಾರೆ ಅನ್ನುವುದು ಆ ಕೇಂದ್ರದ ನಿಜವಾದ ಮಟ್ಟ.

ವಿದೇಶದಲ್ಲಿರುವವರು ವಿಡಿಯೋ ಕಾಲ್ ಮಾಡುವಾಗ ಮುಖ ಮಾತ್ರ ನೋಡಿ ಮುಗಿಸುತ್ತಾರೆ. ವಾರಕ್ಕೊಮ್ಮೆ ನರ್ಸ್‌ಗೆ ಹೇಳಿ ಹಿಮ್ಮಡಿ ತೋರಿಸಲು ಕೇಳಿ, ತೂಕದ ಪುಟದ ಫೋಟೋ ತರಿಸಿಕೊಳ್ಳಿ. ಊರಲ್ಲಿರುವ ನೆಂಟರೋ ಅಪ್ಪನ ಹಳೇ ಸ್ನೇಹಿತರೋ ಆಗಾಗ ಹೋಗಿ ಬರಲಿ.

ಏನಾದರೂ ಸರಿ ಕಾಣದಿದ್ದರೆ ಮೊದಲು ನರ್ಸ್ ಇನ್‌ಚಾರ್ಜ್‌ಗೆ ಹೇಳಿ, ಆಮೇಲೆ ಇಮೇಲ್‌ನಲ್ಲಿ ಬರೆದು ಕಳಿಸಿ. ಸರಿ ಹೋಗದಿದ್ದರೆ ಹಿರಿಯರಿಗಾಗಿ ಇರುವ ರಾಷ್ಟ್ರೀಯ ಸಹಾಯವಾಣಿ 14567ಕ್ಕೆ ಬೆಳಗ್ಗೆ 8ರಿಂದ ರಾತ್ರಿ 8ರೊಳಗೆ ಫೋನ್ ಮಾಡಬಹುದು, ಕರೆಗೆ ದುಡ್ಡಿಲ್ಲ. ರಾಜ್ಯದಲ್ಲಿ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಗೆ ಜಿಲ್ಲಾ ಕಚೇರಿಗಳಿವೆ, ಅಲ್ಲಿಗೂ ಲಿಖಿತ ದೂರು ಕೊಡಬಹುದು. ಹೊಡೆದ ಗುರುತು, ಕಟ್ಟಿಹಾಕಿದ್ದು ಕಂಡರೆ ಕಾಯಬೇಡಿ, 112ಕ್ಕೆ ಕರೆ ಮಾಡಿ. ಅವತ್ತೇ ಆಸ್ಪತ್ರೆಯಲ್ಲಿ ತೋರಿಸಿ, ಗಾಯಗಳನ್ನು ಡಾಕ್ಟರ್ ಕೈಯಲ್ಲಿ ಬರೆಸಿಕೊಳ್ಳಿ.